ಕದ್ದು ನುಂಗಿದ ಗುಳಿಗೆ

ಕೊಲ್ಹಾಪುರದ ಆ ವೈದ್ಯರು ತಾವಾಗಿ ಫೋನ್ ಮಾಡುವವರಲ್ಲ. ಏನಾದರೂ ಕೇಳುವುದಿದ್ದರೆ ಅವರ ಕೌಂಟರಿನ ಹೆಣ್ಣುಮಗಳು ಕೇಳುತ್ತಿದ್ದಳು. ಅವತ್ತು ಮಧ್ಯಾಹ್ನ ಮಾತ್ರ ಅವರದೇ ದನಿ. ಮರಾಠಿಯಲ್ಲಿ, ನಿಧಾನಕ್ಕೆ, ಒಂದೊಂದು ಮಾತನ್ನೂ ತೂಗಿ ಹೇಳಿದರು: “ಮ್ಯಾಡಮ್, ಒಂದೋ ನಿಮ್ಮ ಮಷೀನು ಸುಳ್ಳು ಹೇಳುತ್ತಿದೆ, ಇಲ್ಲಾ ಈ ಬಾಯಿ ಸುಳ್ಳು ಹೇಳುತ್ತಿದ್ದಾಳೆ. ಯಾವುದು ಅಂತ ನೀವೇ ನೋಡಿ ಹೇಳಿ.”

ನಾನು ಪೆಥಾಲಜಿ ಓದಿದವಳು, ಇಚಲಕರಂಜಿಯಲ್ಲಿ ರಕ್ತ ತಪಾಸಣೆಯ ಲ್ಯಾಬ್ ನಡೆಸುತ್ತೇನೆ. ಅವರು ಮರಾಠಿಯಲ್ಲಿ ಬಾಯಿ ಎಂದು ಕರೆದದ್ದು ಐವತ್ತು ದಾಟಿದ ಒಬ್ಬ ಹೆಂಗಸನ್ನು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಲಗ್ನವಾಗದ ಮಗ ಒಬ್ಬನೇ. ಅವನು ಪವರ್‌ಲೂಮ್ ರಿಪೇರಿ ಮಾಡುವವನು. ಅವಳು ಕಾಂಡಿ ತುಂಬುತ್ತಿದ್ದಳು, ಅಂದರೆ ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕಾಂಡಿಗಳಿಗೆ ಸುತ್ತುವ ಕೆಲಸ. ಕೆಲವು ವರ್ಷಗಳ ಹಿಂದೆ ಗಂಟಲಲ್ಲಿ ಗಡ್ಡೆ ಬೆಳೆದು ಅವಳ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದುಹಾಕಿದ್ದರು. ಹಾಗೆ ತೆಗೆಸಿಕೊಂಡವರು ಥೈರಾಯ್ಡ್ ಹಾರ್ಮೋನಿನ ಗುಳಿಗೆಯನ್ನು ಜೀವಮಾನವಿಡೀ ದಿನಾ ಬೆಳಿಗ್ಗೆ ನುಂಗಬೇಕು. ಗುಳಿಗೆ ಸಾಲುತ್ತಿದೆಯೋ ಹೆಚ್ಚಾಗಿದೆಯೋ ಎಂಬುದು ಟಿಎಸ್‌ಎಚ್ ಎನ್ನುವ ಪರೀಕ್ಷೆಯಿಂದ ಗೊತ್ತಾಗುತ್ತದೆ. ಗುಳಿಗೆ ಕಡಿಮೆಯಾದರೆ ಟಿಎಸ್‌ಎಚ್ ಏರುತ್ತದೆ, ಹೆಚ್ಚಾದರೆ ತಳ ಹಿಡಿಯುತ್ತದೆ.

ಅವಳ ಟಿಎಸ್‌ಎಚ್ ತಳ ಹಿಡಿದಿತ್ತು. ವೈದ್ಯರು ನೂರು ಮೈಕ್ರೋಗ್ರಾಮಿನ ಗುಳಿಗೆಯನ್ನು ಎಪ್ಪತ್ತೈದಕ್ಕೆ ಇಳಿಸಿದರು. ಎರಡು ತಿಂಗಳಾದ ಮೇಲೆ ನೋಡಿದರೆ ಮತ್ತೆ ಅದೇ. ಐವತ್ತಕ್ಕೆ ಇಳಿಸಿದರು. ಅಷ್ಟರಲ್ಲಿ ಅವಳು ನೀರಿನ ಹೌದಿನ ಹತ್ತಿರ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಳು. ಕೊಲ್ಹಾಪುರದಲ್ಲಿ ಎಲುಬಿನ ಸ್ಕ್ಯಾನ್ ಮಾಡಿದಾಗ ಸೊಂಟದ್ದೂ ಬೆನ್ನಿನದ್ದೂ ಎಲುಬು ವಯಸ್ಸಿಗಿಂತ ಭಾಳ ಸವೆದಿದ್ದು ಕಂಡಿತು. ಥೈರಾಯ್ಡ್ ಹಾರ್ಮೋನು ಮೈಯಲ್ಲಿ ಹೆಚ್ಚಾದರೆ ಎಲುಬನ್ನು ತಿನ್ನುತ್ತದೆ, ಮುಟ್ಟು ನಿಂತ ಹೆಂಗಸರಲ್ಲಂತೂ ಬೇಗ ತಿನ್ನುತ್ತದೆ. ಅಲ್ಲಿಗೆ ಲೆಕ್ಕ ಸರಿಹೋಯಿತು. ಮೂರನೆಯ ಸಲವೂ ನನ್ನ ಲ್ಯಾಬಿನ ವರದಿ ‘ಹಾರ್ಮೋನು ಹೆಚ್ಚಾಗಿದೆ’ ಎಂದೇ ಹೇಳಿತು. ಗ್ರಂಥಿಯೇ ಇಲ್ಲದವಳ ಮೈಯಲ್ಲಿ ಹಾರ್ಮೋನು ಎಲ್ಲಿಂದ ಬರಬೇಕು? ಬಾಯಿಂದಲೇ ಬರಬೇಕು. ಕೊಟ್ಟಿದ್ದು ಐವತ್ತು. ಹಾಗಾದರೆ ಉಳಿದದ್ದನ್ನು ಕೊಟ್ಟವರು ಯಾರು?

ಫೋನ್ ಇಟ್ಟ ಮೇಲೆ ನನಗೆ ಮೊದಲು ಸಂಶಯ ಬಂದದ್ದು ನಮ್ಮ ಮೇಲೆಯೇ. ಲ್ಯಾಬಿನಲ್ಲಿ ತಪ್ಪುಗಳು ಆಗುವ ಜಾಗಗಳು ನಮಗೆ ಗೊತ್ತಿರುತ್ತವೆ. ಒಬ್ಬರ ಕೊಳವೆಗೆ ಇನ್ನೊಬ್ಬರ ಹೆಸರಿನ ಚೀಟಿ ಅಂಟುವುದು, ಕೆಮಿಕಲ್ ಫ್ರಿಜ್ಜಿನಿಂದ ಹೊರಗೆ ಉಳಿದು ಬಿಸಿಯಾಗುವುದು, ಮಷೀನಿನ ಅಳತೆ ಜಾರುವುದು. ನನ್ನ ಟೆಕ್ನಿಷಿಯನ್ ಮಧ್ಯವಯಸ್ಸಿನವರು, ಲ್ಯಾಬ್ ತೆರೆದಾಗಿನಿಂದ ನನ್ನ ಜೊತೆಗಿದ್ದವರು. ಅವರನ್ನು ಕರೆದು, “ಈ ಬಾಯಿಯ ರಕ್ತ ಮೂರೂ ಸಲ ನೀವೇ ತಗೊಂಡಿರೇನು?” ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. “ನಾನ ತಗೊಂಡೇನ್ರಿ. ಚೀಟೀನೂ ನಾನ ಅಂಟಸೇನಿ. ಯಾಕ್ರಿ, ನನ್ನ ಮ್ಯಾಲ ಏನರ ಡೌಟ್ ಐತೇನು?”

“ಇಲ್ರಿ” ಎಂದೆ. ಇತ್ತು. ಅವರಿಗೂ ಅದು ಗೊತ್ತಾಯಿತು. ಅವತ್ತಿನಿಂದ ಅವರು ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಮರುದಿನ ಅವಳನ್ನೇ ಮತ್ತೆ ಕರೆಸಿದೆ. ಮಗ ಜೊತೆಗೆ ಬಂದ. ಎಡಗೈಗೆ ಪ್ಲಾಸ್ಟರ್, ಮೈಮೇಲೆ ಶಾಲು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ರಕ್ತ ತೆಗೆಯಲೆಂದು ಬಲಗೈ ಹಿಡಿದರೆ ತಣ್ಣಗಿತ್ತು. ನಾನು ಅದನ್ನು ಗಮನಿಸಿದೆ, ಆದರೆ ಗಮನಿಸಿದ್ದನ್ನು ಎಲ್ಲಿಯೂ ಸೇರಿಸಲಿಲ್ಲ. ತಲೆಯಲ್ಲಿ ವರದಿಯ ಅಂಕಿ ಇತ್ತು.

“ಅಕ್ಕಾರ, ದಿನಾ ಗುಳಿಗಿ ಹೆಂಗ ತಗೋತೀರಿ?” ಎಂದು ಕೇಳಿದೆ.

ಉತ್ತರ ಕೊಟ್ಟವನು ಮಗ. “ಗುಳಿಗಿ ನನ್ನ ಕಪಾಟಿನ್ಯಾಗ ಅದಾವ್ರಿ, ಕೀಲಿ ಹಾಕಿ ಇಟ್ಟೇನಿ. ಮುಂಜಾನೆ ಎದ್ದ ಕೂಡ್ಲೆ ನಾನ ಕೈಯಾಗ ಒಂದು ಕೊಡ್ತೇನಿ. ನನ್ನ ಮುಂದ ನುಂಗಬೇಕು. ಆದ್ರೂ ಎಲ್ಲಿಂದೋ ತಂದು ನುಂಗ್ತಾಳ್ರಿ.”

“ನೀವು ನೋಡಿರೇನು?”

“ಕಣ್ಣಾರೆ ನೋಡೇನ್ರಿ. ಕಾಂಡಿ ಬುಟ್ಟಿ ಹಿಂದ ನಿಂತು ಬಾಯಾಗ ಹಾಕ್ಕೊಂಡ್ಲು. ಕೇಳಿದ್ರ ಅಡಕಿ ಅಂದ್ಲು. ಅಡಕಿಗೆ ಯಾರರ ನೀರ ಕುಡೀತಾರೇನ್ರಿ?”

ಅವಳು ಸೆರಗನ್ನು ಹಣೆಯ ತನಕ ಎಳೆದುಕೊಂಡು ಗೋಡೆಯ ಕಡೆ ನೋಡುತ್ತ ಕೂತಳು. ಸುಳ್ಳು ಆಪಾದನೆ ಹೊತ್ತವರು ಇಷ್ಟು ಸುಮ್ಮನೆ ಕೂರುವುದಿಲ್ಲ ಅಂತ ನನಗೆ ಅನ್ನಿಸಿತು. ಮಗ ಬಾಗಿಲ ತನಕ ಹೋದವನು ತಿರುಗಿ ಬಂದು, ಅವಳಿಗೆ ಕೇಳದ ಹಾಗೆ ದನಿ ತಗ್ಗಿಸಿ ಹೇಳಿದ: “ನಮ್ಮ ಅಪ್ಪಾನೂ ಎದಿ ನೋವು ಮುಚ್ಚಿಟ್ಟ ಹೋದ್ರಿ. ಇಕಿನೂ ಹಂಗ ಮಾಡಾಕತ್ತಾಳ. ನಾ ಏನ್ ಮಾಡ್ಲಿ?”

ಆ ರಕ್ತವನ್ನು ನಾನೇ ತೆಗೆದೆ, ಚೀಟಿ ನಾನೇ ಅಂಟಿಸಿದೆ. ಫಲಿತಾಂಶ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರವವನ್ನು ಮಷೀನಿಗೆ ಹಾಕಿ ನೋಡಿದೆ, ಅಂಕಿ ಬರಬೇಕಾದಲ್ಲೇ ಬಂತು. ಹೊಸ ಕಿಟ್ ಒಡೆದು, ಮಷೀನಿನ ಅಳತೆಯನ್ನು ಮತ್ತೆ ಕೂಡಿಸಿ, ಅವಳ ರಕ್ತವನ್ನು ಹಾಕಿದೆ. ಟಿಎಸ್‌ಎಚ್ ತಳದಲ್ಲೇ ಇತ್ತು, ಹಾರ್ಮೋನು ಮೇಲೆಯೇ ಇತ್ತು. ಅದೇ ಕೊಳವೆಯ ಪಾಲನ್ನು ಕೊಲ್ಹಾಪುರದ ದೊಡ್ಡ ಲ್ಯಾಬಿಗೆ ಕಳಿಸಿದೆ. ಅವರದೂ ಅದೇ ಉತ್ತರ. ಕೊನೆಗೆ ವೈದ್ಯರಿಗೆ ಫೋನ್ ಮಾಡಿ, ಮಷೀನಿನ ತಪ್ಪಿಲ್ಲ ಎಂದೆ.

“ಹಾಗಾದರೆ ಗೊತ್ತಾಯಿತು” ಎಂದು ಅವರು ಗುಳಿಗೆಯನ್ನು ಇಪ್ಪತ್ತೈದಕ್ಕೆ ಇಳಿಸಿದರು.

ಪ್ಲಾಸ್ಟರಿನ ಕೈಯಲ್ಲಿ ಕಾಂಡಿ ತುಂಬಲಾಗುವುದಿಲ್ಲ. ಮಗ ಅವಳನ್ನು ಮಹಾಗಾಂವಕ್ಕೆ, ಅವಳ ಅಣ್ಣನ ಮನೆಗೆ ಬಿಟ್ಟು ಬಂದ. ಹತ್ತು ಹನ್ನೆರಡು ದಿನಕ್ಕೆ ಅವನು ನನ್ನ ಲ್ಯಾಬಿನ ಮುಂದೆ ಎರಡು ಕಾಗದ ಹಿಡಿದುಕೊಂಡು ನಿಂತಿದ್ದ. ಊರಲ್ಲಿ ಅವಳಿಗೆ ಮುಖ ಬಾತಿತ್ತು, ಕೂತಲ್ಲೇ ನಿದ್ದೆ ಬರುತ್ತಿತ್ತು, ಮಾತು ತೊದಲುತ್ತಿತ್ತು. ಅಣ್ಣ ಹೆದರಿ ಗಡಹಿಂಗ್ಲಜಕ್ಕೆ ಕರೆದುಕೊಂಡು ಹೋಗಿ ರಕ್ತ ತೋರಿಸಿದ್ದ. ಅಲ್ಲಿಯ ಲ್ಯಾಬಿನ ವರದಿಯಲ್ಲಿ ಟಿಎಸ್‌ಎಚ್ ನೂರರ ಮೇಲಿತ್ತು. ಅಂದರೆ ಮೈಯಲ್ಲಿ ಹಾರ್ಮೋನು ಹೆಚ್ಚು ಕಡಿಮೆ ಇಲ್ಲವೇ ಇಲ್ಲ.

“ಇದರಾಗ ಖರೆ ಯಾವುದ್ರಿ?” ಎಂದ. ದನಿ ಎತ್ತರಿಸಲಿಲ್ಲ. ಲ್ಯಾಬಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಎದುರಿಗೆ ಕೂತಿದ್ದ ಒಬ್ಬರು ತಮ್ಮ ಚೀಟಿ ವಾಪಸು ತೆಗೆದುಕೊಂಡು ಎದ್ದು ಹೋದರು. ಆ ವಾರ ನಮಗೆ ರಕ್ತ ಕಳಿಸುತ್ತಿದ್ದ ಇನ್ನೊಬ್ಬ ವೈದ್ಯರು ಕಳಿಸುವುದನ್ನು ನಿಲ್ಲಿಸಿದರು. ಕೊಲ್ಹಾಪುರದವರಂತೂ, “ನಾನು ಯಾವ ಕಾಗದ ನಂಬಿ ಔಷಧಿ ಬರೆಯಬೇಕು?” ಎಂದು ಕೇಳಿ ನನ್ನ ಉತ್ತರಕ್ಕೆ ಕಾಯದೆ ಫೋನ್ ಇಟ್ಟರು.

ಗಡಹಿಂಗ್ಲಜದ ಲ್ಯಾಬೇ ತಪ್ಪಿರಬೇಕು ಅಂತ ನನಗೆ ಖಾತ್ರಿಯಾಗಿತ್ತು. ಆ ಲ್ಯಾಬಿಗೆ ಚಂದಗಡದ ಕಡೆಯಿಂದ ಬಸ್ಸಿನಲ್ಲಿ ಬರುವ ರಕ್ತದ ಡಬ್ಬಿಗಳಲ್ಲಿ ಯಾವುದೋ ಅದಲುಬದಲಾಗಿದೆ ಎಂದುಕೊಂಡೆ. ರವಿವಾರ ಕಾರು ತೆಗೆದುಕೊಂಡು ಸಂಕೇಶ್ವರದ ಮೇಲೆ ಹಾದು ಗಡಹಿಂಗ್ಲಜಕ್ಕೆ ಹೋದೆ. ಲ್ಯಾಬಿನ ಡಾಕ್ಟರು ನನಗಿಂತ ಬಹಳ ಹಿರಿಯರು, ಕನ್ನಡದವರು. ನಾನು ಯಾಕೆ ಬಂದಿದ್ದೇನೆ ಎಂದು ಹೇಳುತ್ತಿದ್ದಂತೆ ಅವರಿಗೆ ಅರ್ಥವಾಯಿತು, ಸಿಟ್ಟು ಮಾಡಲಿಲ್ಲ. ಫ್ರೀಜರಿನಿಂದ ಅವಳ ರಕ್ತದಿಂದ ಬೇರ್ಪಡಿಸಿಟ್ಟ ತಿಳಿ ದ್ರವದ ಕೊಳವೆ ತೆಗೆದು ಮುಂದೆ ಇಟ್ಟರು. ಅವರದೂ ನನ್ನದೂ ಒಂದೇ ಕಂಪನಿಯ ಮಷೀನು.

ನನ್ನ ಹತ್ತಿರವೂ ಐಸ್ ಡಬ್ಬಿಯಲ್ಲಿ ಅವಳ ಹಿಂದಿನ ಕೊಳವೆ ಇತ್ತು. ತಕರಾರಿನ ರಕ್ತವೆಂದು ಚೆಲ್ಲದೆ ಇಟ್ಟಿದ್ದೆ. ಎರಡನ್ನೂ ಅವರ ಮಷೀನಿಗೆ ಒಟ್ಟಿಗೆ ಹಾಕಿದೆವು. ನನ್ನ ಕೊಳವೆಗೆ ನನ್ನ ಉತ್ತರ ಬಂತು, ಅವರ ಕೊಳವೆಗೆ ಅವರ ಉತ್ತರ. ಇಬ್ಬರೂ ಸರಿ.

ನನಗೆ ಒಂದು ಕ್ಷಣ ಸಮಾಧಾನವಾಯಿತು. ಎಲ್ಲ ಹೊಂದಿಕೊಂಡಿತು. ಇಚಲಕರಂಜಿಯಲ್ಲಿ ಅವಳ ಕೈಗೆ ಕಳ್ಳ ಗುಳಿಗೆ ಸಿಗುತ್ತಿತ್ತು, ಮಹಾಗಾಂವದಲ್ಲಿ ಸಿಗಲಿಲ್ಲ. ಮಗ ಹೇಳಿದ್ದೇ ಖರೆ. ಹಾಗಂತ ಅವರಿಗೆ ಹೇಳಿದೆ.

ಹಿರಿಯರು ಕನ್ನಡಕ ಒರೆಸಿಕೊಳ್ಳುತ್ತ, “ಆಕಿ ಊರಿಗೆ ಬಂದು ಎಷ್ಟ ದಿನ ಆಗಿತ್ತು ತಂಗಿ?” ಎಂದರು.

“ಹತ್ತ ಹನ್ನೆರಡ ದಿನ ರೀ.”

“ಹೆಚ್ಚಿನ ಗುಳಿಗಿ ನುಂಗಿ ನುಂಗಿ ಟಿಎಸ್‌ಎಚ್ ತಳಾ ಹಿಡಿದಾಕಿಗೆ ಹತ್ತ ದಿನದಾಗ ಇಷ್ಟು ಮ್ಯಾಲ ಹತ್ತತೈತೇನು?”

ಹತ್ತುವುದಿಲ್ಲ. ಗುಳಿಗೆಯ ಹಾರ್ಮೋನು ಮೈಯಿಂದ ಕರಗಿ ಹೋಗುವುದಕ್ಕೇ ವಾರಗಳು ಬೇಕು. ಒತ್ತಿ ಹಿಡಿದಿದ್ದ ಟಿಎಸ್‌ಎಚ್ ತಲೆ ಎತ್ತಲು ಇನ್ನೂ ಸಮಯ ಬೇಕು. ಅಂದರೆ ಇಚಲಕರಂಜಿಯಲ್ಲಿ ನಾನು ‘ಹೆಚ್ಚಾಗಿದೆ’ ಎಂದು ಬರೆದು ಕೊಟ್ಟ ದಿನವೂ ಅವಳ ಮೈ ಹಾರ್ಮೋನಿಲ್ಲದೆ ಒದ್ದಾಡುತ್ತಿತ್ತು. ಆ ತಣ್ಣನೆಯ ಕೈ ನನಗೆ ಆಗ ನೆನಪಾಯಿತು.

ನನ್ನ ಕೊಳವೆಯಲ್ಲಿ ಉಳಿದಿದ್ದ ದ್ರವದಲ್ಲಿ ಕೊಲೆಸ್ಟ್ರಾಲ್ ನೋಡಿದೆವು. ಅದು ಬೇರೆ ರೀತಿಯ ಪರೀಕ್ಷೆ. ಹಾರ್ಮೋನು ಕಡಿಮೆಯಾದಾಗ ಕೊಲೆಸ್ಟ್ರಾಲ್ ಏರುತ್ತದೆ. ಭಾಳ ಏರಿತ್ತು. ಒಂದೇ ಕೊಳವೆಯೊಳಗಿನ ರಕ್ತ ಎರಡು ಮಾತಾಡುತ್ತಿತ್ತು. ಹಾರ್ಮೋನಿನ ಪರೀಕ್ಷೆಯನ್ನಷ್ಟೇ ಹಾದಿ ತಪ್ಪಿಸುವಂಥದ್ದು ಆ ರಕ್ತದಲ್ಲಿ ಏನೋ ಇತ್ತು. ಇಚಲಕರಂಜಿಯಲ್ಲಿ ಇತ್ತು, ಮಹಾಗಾಂವದಲ್ಲಿ ಇರಲಿಲ್ಲ.

ಓದುವಾಗ ಕೇಳಿದ್ದ ಒಂದು ವಿಷಯ ಇಬ್ಬರಿಗೂ ಹೆಚ್ಚು ಕಡಿಮೆ ಒಟ್ಟಿಗೇ ಹೊಳೆಯಿತು. ನಮ್ಮ ಮಷೀನು, ಕೊಲ್ಹಾಪುರದ ದೊಡ್ಡ ಲ್ಯಾಬಿನದೂ ಇದೇ ಬಗೆಯದು, ಟಿಎಸ್‌ಎಚ್ಚನ್ನು ಸಣ್ಣ ಗಾಳ ಹಾಕಿ ಹಿಡಿದ ಹಾಗೆ ಹಿಡಿಯುತ್ತದೆ. ಹಿಡಿದದ್ದನ್ನು ತೊಳೆದು ಹೋಗದಂತೆ ಅಂಟಿಸಿಕೊಳ್ಳಲು ಬಯೋಟಿನ್ ಎಂಬ ವಿಟಮಿನ್ನನ್ನು ಅಂಟಿನಂತೆ ಬಳಸುತ್ತಾರೆ. ರೋಗಿಯ ರಕ್ತದಲ್ಲೇ ಬಯೋಟಿನ್ ತುಂಬಿಕೊಂಡಿದ್ದರೆ ಅದು ಮೊದಲೇ ಹೋಗಿ ಅಂಟಿನ ಜಾಗ ಹಿಡಿದು ಕೂರುತ್ತದೆ. ಟಿಎಸ್‌ಎಚ್ ತೊಳೆದು ಹೋಗಿ ಕಡಿಮೆ ಕಾಣುತ್ತದೆ. ಥೈರಾಯ್ಡ್ ಹಾರ್ಮೋನನ್ನು ಅಳೆಯುವ ಪರೀಕ್ಷೆಯ ರೀತಿ ಇದಕ್ಕೆ ಉಲ್ಟಾ, ಹೀಗಾಗಿ ಅದು ಅದೇ ಕಾರಣಕ್ಕೆ ಹೆಚ್ಚು ಕಾಣುತ್ತದೆ. ಊಟದಲ್ಲಿ ಸಿಗುವ ಬಯೋಟಿನ್‌ನಿಂದ ಹೀಗಾಗುವುದಿಲ್ಲ. ಗುಳಿಗೆಯ ರೂಪದಲ್ಲಿ, ಭಾರಿ ಪ್ರಮಾಣದಲ್ಲಿ ನುಂಗಬೇಕು.

“ಹಂಗಾದ್ರ ಆಕಿ ಕದ್ದು ನುಂಗಿದ್ದು ಖರೇನ. ಏನ್ ನುಂಗಿದ್ಲು ಅನ್ನೂದನ್ನ ಕೇಳು ಹೋಗು” ಎಂದರು ಹಿರಿಯರು.

ಮಹಾಗಾಂವಕ್ಕೆ ಹೋದಾಗ ಅವಳು ಪಡಸಾಲೆಯ ಹೊರಸಿನ ಮೇಲೆ ಶಾಲು ಹೊದ್ದು ಕೂತಿದ್ದಳು. ಕಣ್ಣ ಕೆಳಗೆ ಬಾವು. ನನ್ನನ್ನು ನೋಡಿ ಏಳಲು ಹೋದಳು. ನಾನು ಬೇಡವೆಂದು, ಅವಳನ್ನು ಹೊರಸಿನ ಅಂಚಿಗೆ ಕೂರಿಸಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಕೈಯ ಅಂಚಿನಿಂದ ಮೆಲ್ಲಗೆ ಹೊಡೆದೆ. ಪಾದ ಕೆಳಗೆ ಚಿಮ್ಮಿತು, ಆಮೇಲೆ ನಿಧಾನವಾಗಿ, ಬೇಸರದಿಂದ ಎನ್ನುವ ಹಾಗೆ, ತನ್ನ ಜಾಗಕ್ಕೆ ಮರಳಿತು. ಥೈರಾಯ್ಡ್ ಹಾರ್ಮೋನಿಲ್ಲದ ಮೈಯ ಗುರುತು ಅದು. ಇಷ್ಟು ತಿಂಗಳಲ್ಲಿ ಯಾರೂ ಅದನ್ನು ನೋಡಿರಲಿಲ್ಲ.

ಅಣ್ಣನ ಹೆಂಡತಿ ಚಹಾ ಮಾಡಲು ಒಳಗೆ ಹೋದರು. ಅಣ್ಣ ಹೊಲದಲ್ಲಿದ್ದರು. ನಾನು ಹತ್ತಿರ ಸರಿದು ಕೇಳಿದೆ: “ಅಕ್ಕಾರ, ನಿಮ್ಮ ಮಗ ನೋಡಿದ್ದು ಖರೆ ಐತಲ್ಲ?”

ಅವಳು ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು. ಆಮೇಲೆ ಒಡೆದ ದನಿಯಲ್ಲಿ, “ಖರೆ ರೀ” ಎಂದಳು.

“ಥೈರಾಯ್ಡ್ ಗುಳಿಗೀನಾ?”

“ಅದನ್ಯಾಕ ನುಂಗ್ಲಿರಿ? ಕೊಟ್ಟಷ್ಟು ನುಂಗೇನಿ. ಅದು ಬ್ಯಾರೆ.”

“ಬ್ಯಾರೆ ಅಂದ್ರ?”

ಅವಳು ಅಡುಗೆಮನೆಯ ಕಡೆ ನೋಡಿ, “ಕೂದಲದ್ರಿ” ಎಂದಳು, ಏನೋ ಹೊಲಸು ಮಾತು ಆಡಿದವಳ ಹಾಗೆ. “ಹಣಗಿ ತುಂಬ ಬರತಿದ್ವು. ನೆತ್ತಿ ಕಾಣಾಕತ್ತಿತ್ತು. ಔಷಧ ಅಂಗಡ್ಯಾಗ ಕೇಳಿದ್ನಿ. ದಿನಕ್ಕೊಂದು ಅಂದಾ. ಲಗೂನ ಬರ್ಲಿ ಅಂತ ನಾ ಎರಡೆರಡು ನುಂಗೇನಿ. ಇಲ್ಲಿಗೆ ಬರೂವಾಗ ಮಗಾನ ನನ್ನ ಅರಿವಿ ಗಂಟು ಕಟ್ಟಿದ, ಅದಕ್ಕ ತರಾಕ ಆಗ್ಲಿಲ್ಲ. ಕಾಂಡಿ ಬುಟ್ಟ್ಯಾಗ ಉಳದಾವು.”

“ಇದನ್ನ ಮಗಗ ಹೇಳಿದ್ರ ಆಗ್ತಿತ್ತಲ್ರಿ. ನಿಮ್ಮನ್ನ ಕಳ್ಳಿ ಅಂತ ನೋಡಾಕತ್ತಿದ್ದ.”

“ಕಳ್ಳಿ ಅಂದ್ರ ಅನ್ಲಿರಿ” ಎಂದಳು. “ಗಂಡ ಸತ್ತಾಕಿಗೆ ಕೂದಲದ ಚಿಂತಿ ಬಿದ್ದೈತಿ ಅಂತ ಮಂದಿ ನಗತಾರ. ಮಗಾನೂ ನಗತಾನ. ಅದೊಂದು ಬ್ಯಾಡ್ರಿ ಬಾಯಾರ. ನೀವೂ ಯಾರ ಮುಂದೂ ಹೇಳಬ್ಯಾಡ್ರಿ.”

ಚಹಾ ಬಂತು. ನಾನು ಕುಡಿದೆ. ಹೊಸದಾಗಿ ರಕ್ತ ತೆಗೆದುಕೊಂಡೆ. ಬಯೋಟಿನ್ ಅವಳ ಮೈಯಿಂದ ಎಂದೋ ತೊಳೆದು ಹೋಗಿತ್ತು, ಈ ರಕ್ತ ಸುಳ್ಳು ಹೇಳುವ ಹಾಗಿರಲಿಲ್ಲ. ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ಮಗನ ಮುಂದೆ ಅವಳನ್ನು ಬಿಡಿಸಬೇಕಾದರೆ ಅವಳು ಬಚ್ಚಿಟ್ಟದ್ದನ್ನು ಬಿಚ್ಚಬೇಕು. ಬಚ್ಚಿಟ್ಟರೆ ಅವಳು ಕಳ್ಳಿಯಾಗಿಯೇ ಉಳಿಯುತ್ತಾಳೆ. ವೈದ್ಯರಿಗೆ ಮಾತ್ರ ಹೇಳದೆ ಗತಿಯಿರಲಿಲ್ಲ, ಅವಳ ಮೈ ಕಾಯುವ ಸ್ಥಿತಿಯಲ್ಲಿರಲಿಲ್ಲ. ಕಾರು ನಿಲ್ಲಿಸಿ ಅವರಿಗೆ ಫೋನ್ ಮಾಡಿದೆ.

ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮರಾಠಿಯಲ್ಲಿ, “ನೋಡಿ ಮ್ಯಾಡಮ್, ಮೊದಲು ಮಷೀನು ಸರಿ ಇದೆ ಎಂದಿರಿ. ಈಗ ಕೂದಲಿನ ವಿಟಮಿನ್ ಮಷೀನನ್ನು ಮೋಸ ಮಾಡಿತು ಅನ್ನುತ್ತಿದ್ದೀರಿ. ಇದು ನಿಮ್ಮ ಲ್ಯಾಬನ್ನು ಉಳಿಸಿಕೊಳ್ಳುವ ಮಾತಲ್ಲ ಎಂದು ನಾನು ಹೇಗೆ ತಿಳಿಯಲಿ?” ಎಂದರು.

ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. “ನಾಳೆ ತೋರಿಸುತ್ತೇನೆ. ಅಷ್ಟರಲ್ಲಿ ಅವಳನ್ನು ಕರೆಸಿ ನೀವೇ ಒಮ್ಮೆ ಮುಟ್ಟಿ ನೋಡಿ” ಎಂದೆ.

ಇಚಲಕರಂಜಿಯಲ್ಲಿ ಅವಳು ಹೇಳಿದ ಅಂಗಡಿಗೇ ಹೋಗಿ ಅದೇ ಗುಳಿಗೆ ಕೊಂಡೆ. ಮರುದಿನ ಬೆಳಿಗ್ಗೆ ಟೆಕ್ನಿಷಿಯನ್‌ರಿಗೆ ಎಲ್ಲ ವಿವರಿಸಿ, ನನ್ನ ರಕ್ತ ತೆಗೆಯಲು ಹೇಳಿದೆ. ಆಮೇಲೆ ಅವರ ಎದುರಿಗೇ ಎರಡು ಗುಳಿಗೆ ನುಂಗಿದೆ. ಎರಡು ತಾಸು ಬಿಟ್ಟು ಮತ್ತೆ ತೆಗೆದರು. ಎರಡೂ ಕೊಳವೆ ಒಟ್ಟಿಗೆ ಮಷೀನಿಗೆ ಹೋದವು. ಮೊದಲನೆಯದರಲ್ಲಿ ನನ್ನ ಥೈರಾಯ್ಡ್ ಎಂದಿನಂತೆ ಇತ್ತು. ಎರಡನೆಯದರಲ್ಲಿ ನಾನು ಹಾರ್ಮೋನು ಹೆಚ್ಚಾದ ರೋಗಿಯಾಗಿದ್ದೆ. ನನ್ನ ಮೈಯಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ.

ಟೆಕ್ನಿಷಿಯನ್ ಆ ಅಂಕಿಗಳನ್ನು ನೋಡುತ್ತ ನಿಂತರು. “ಹಂಗಾದ್ರ ಇಷ್ಟ ದಿನ ನಾವು ಹಿಂಗ ಎಷ್ಟ ಮಂದಿಗೆ ಕೊಟ್ಟಿರಬೇಕ್ರಿ?” ಎಂದರು. ಅವರು ನನ್ನ ಜೊತೆ ಮತ್ತೆ ಮಾತಾಡತೊಡಗಿದ್ದು ಅವತ್ತಿನಿಂದ.

ಮಹಾಗಾಂವದಿಂದ ತಂದ ಅವಳ ರಕ್ತದಲ್ಲಿ ಟಿಎಸ್‌ಎಚ್ ಗಡಹಿಂಗ್ಲಜದವರು ಹೇಳಿದಷ್ಟೇ ಇತ್ತು. ಇನ್ನೊಂದು ಸಂಗತಿಯೂ ಕಂಡಿತು. ವೈದ್ಯರು ಎಲುಬಿಗಾಗಿ ಹಿಂದೆ ವಿಟಮಿನ್ ಡಿ ನೋಡಿಸಿದಾಗ ನಮ್ಮ ವರದಿ ‘ಬೇಕಾದಷ್ಟಿದೆ’ ಎಂದಿತ್ತು. ಆ ಪರೀಕ್ಷೆಯಲ್ಲೂ ಅದೇ ಅಂಟು. ಈಗ ನೋಡಿದರೆ ತಳದಲ್ಲಿತ್ತು. ಎಲುಬಿಗೆ ಬೇಕಾಗಿದ್ದ ಮುಖ್ಯ ವಸ್ತುವೇ ಇಲ್ಲದೆ, ಅದು ಇದೆಯೆಂಬ ನಮ್ಮ ಕಾಗದ ನಂಬಿ, ಅವಳಿಗೆ ಅದನ್ನು ಯಾರೂ ಕೊಟ್ಟಿರಲಿಲ್ಲ.

ಅವತ್ತು ಸಂಜೆ ಕೊಲ್ಹಾಪುರದ ಆ ವೈದ್ಯರ ಕೋಣೆಯಲ್ಲಿ ವೈದ್ಯರು, ಅವಳು, ಅವಳ ಮಗ, ನಾನು, ನಾಲ್ವರು ಕೂತಿದ್ದೆವು. ವೈದ್ಯರು ನನ್ನ ಎರಡು ಕೊಳವೆಗಳ ಫಲಿತಾಂಶ ನೋಡಿ ಬದಿಗಿಟ್ಟು, ಎದ್ದು ಬಂದು ಅವಳ ನಾಡಿ ಹಿಡಿದರು, ಹಿಮ್ಮಡಿಗೆ ತಟ್ಟಿದರು. ಮತ್ತೊಮ್ಮೆ ತಟ್ಟಿದರು. ತಮ್ಮ ಕುರ್ಚಿಗೆ ಹಿಂದಿರುಗಿದಾಗ ಅವರ ಮುಖ ಬೇರೆಯಾಗಿತ್ತು.

“ಬಾಯಿ ಹೆಚ್ಚಿನ ಗುಳಿಗೆ ನುಂಗಿಲ್ಲ. ಒಂದು ವಿಟಮಿನ್‌ನಿಂದ ರಿಪೋರ್ಟ್ ತಪ್ಪಾಯಿತು” ಎಂದು ಮಗನಿಗೆ ಹೇಳಿದರು.

ಮಗ ನನ್ನ ಕಡೆ ತಿರುಗಿದ. “ಎಂಥಾ ವಿಟಮಿನ್ ರೀ?”

“ಅಂಗಡ್ಯಾಗ ಸಿಗೂವಂಥಾದ್ದು. ಅಪಾಯ ಇಲ್ಲ” ಎಂದೆ.

“ಅಪಾಯ ಇಲ್ಲದ ವಿಟಮಿನ್ ಯಾರರ ಕದ್ದು ನುಂಗ್ತಾರೇನ್ರಿ?” ಅವನು ನಂಬಲಿಲ್ಲ. ನಾವೆಲ್ಲ ಸೇರಿ ಏನೋ ಮುಚ್ಚುತ್ತಿದ್ದೇವೆ ಎಂದು ಅವನ ಕಣ್ಣು ಹೇಳುತ್ತಿತ್ತು, ಅದು ಸುಳ್ಳೂ ಆಗಿರಲಿಲ್ಲ. “ಅವ್ವಾಗ ಬ್ಯಾರೆ ಏನರ ದೊಡ್ಡ ಬ್ಯಾನಿ ಐತೇನ್ರಿ? ನನಗ ಹೇಳವಲ್ರೇನು? ಅಪ್ಪಂದೂ ಹಿಂಗ ಆಗಿತ್ತು, ಕಡೀಕ ನನಗ ಗೊತ್ತಾತು.”

ನಾನು ವೈದ್ಯರ ಕಡೆ ನೋಡಿದೆ. ಅವರು ಮೇಜು ನೋಡುತ್ತಿದ್ದರು. ಆಗ ಅವಳು ಸರಿಯಿದ್ದ ಕೈಯಿಂದ ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಜಾರಿಸಿದಳು. ಬೈತಲೆ ಇರಬೇಕಾದಲ್ಲಿ ಬೆರಳಗಲದ ಬಯಲಿತ್ತು, ನೆತ್ತಿಯ ತನಕ.

“ಇದಕ್ಕ ನುಂಗೇನಿ” ಎಂದಳು. “ಕೂದಲ ಬರ್ಲಿ ಅಂತ. ಬ್ಯಾನಿ ಏನೂ ಇಲ್ಲ. ನೀ ಅಂಜಬ್ಯಾಡ.”

ಮಗ ನಗಲಿಲ್ಲ. ಅವಳ ತಲೆಯನ್ನು ಬಹಳ ಹೊತ್ತು ನೋಡಿದ. ಒಂದೇ ಮನೆಯಲ್ಲಿದ್ದು ಅದನ್ನು ಅವನು ಎಂದೂ ನೋಡಿರಲಿಲ್ಲ. “ಇಷ್ಟಕ್ಕ ಏನವ್ವಾ? ನನಗ ಹೇಳಿದ್ರ ನಾನ ತಂದ ಕೊಡ್ತಿದ್ನಿ” ಎಂದ. ಕೈ ಚಾಚಿ ಸೆರಗನ್ನು ಅವನೇ ಮೇಲೆಳೆದು ಸರಿಮಾಡಿದ. ಅವಳು ಆಗ ಅತ್ತಳು.

ವೈದ್ಯರು ಅಲ್ಲಿಯ ತನಕ ಪ್ರತಿ ಮಾತನ್ನೂ ಮಗನ ಜೊತೆ ಆಡುತ್ತಿದ್ದವರು, ಆ ಮೇಲೆ ಅವಳ ಜೊತೆಗೇ ಆಡಿದರು. ತಮ್ಮ ಅರ್ಧಂಬರ್ಧ ಕನ್ನಡದಲ್ಲಿ ಒಂದೊಂದಾಗಿ ಕೇಳುತ್ತ ಹೋದರು. ಮುಟ್ಟು ಯಾವಾಗ ನಿಂತಿತು ಎಂದಾಗ, “ನಿಂತಿಲ್ರಿ, ತಗದ್ರು” ಎಂದಳು. ಮೂವತ್ತೈದು ತುಂಬುವ ಮೊದಲೇ, ಬಿಳಿಮುಟ್ಟು ಹೋಗುತ್ತದೆಂದು ಆಸ್ಪತ್ರೆಗೆ ಹೋದಾಗ ಗರ್ಭಕೋಶವನ್ನೂ ಅಂಡಾಶಯಗಳನ್ನೂ ಒಟ್ಟಿಗೆ ತೆಗೆದಿದ್ದರು. ಆಮೇಲೆ ಯಾವ ಹಾರ್ಮೋನನ್ನೂ ಯಾರೂ ಕೊಟ್ಟಿರಲಿಲ್ಲ. ವೈದ್ಯರು ಪೆನ್ನು ಕೆಳಗಿಟ್ಟರು. ಎಲುಬನ್ನು ಕಾಯುವ ಹಾರ್ಮೋನು ಅಷ್ಟು ಸಣ್ಣ ವಯಸ್ಸಿನಲ್ಲೇ ನಿಂತಿತ್ತು. ಎಲುಬು ಅಂದಿನಿಂದಲೇ ಸವೆಯುತ್ತ ಬಂದಿತ್ತು. ನಾವು ಇಲ್ಲದ ಥೈರಾಯ್ಡ್ ಗುಳಿಗೆಯ ಬೆನ್ನು ಹತ್ತಿದ್ದರಿಂದ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳು ಹೌದಿನ ಹತ್ತಿರ ಬಿದ್ದದ್ದೂ ಗುಳಿಗೆ ಇಳಿಸಿದ ಮೇಲೆ, ಕಾಲು ಮರಗಟ್ಟಿದ ಹಾಗಾಗಿ.

“ಆಗ ಹಾರ್ಮೋನ್ ಕೊಡಬೇಕಾಗಿತ್ತು. ಈಗ ಇಷ್ಟು ವರ್ಷದ ನಂತರ ಅದನ್ನು ಸುರು ಮಾಡುವುದು ಬೇಡ, ಎಲುಬಿಗೆ ಬೇರೆ ಔಷಧಿ ಇದೆ” ಎಂದರು. ಥೈರಾಯ್ಡ್ ಗುಳಿಗೆಯನ್ನು ಐವತ್ತಕ್ಕೆ ಏರಿಸಿದರು. ಹೃದಯಕ್ಕೆ ಭಾರವಾಗದಂತೆ ಹಂತ ಹಂತವಾಗಿ ನೂರಕ್ಕೆ ಒಯ್ಯಬೇಕಿತ್ತು. ವಿಟಮಿನ್ ಡಿ, ಕ್ಯಾಲ್ಸಿಯಂ, ಅವು ತುಂಬಿಕೊಂಡ ಮೇಲೆ ಎಲುಬಿಗೆ ವಾರಕ್ಕೊಂದು ಗುಳಿಗೆ. ಕ್ಯಾಲ್ಸಿಯಂ ಥೈರಾಯ್ಡ್ ಗುಳಿಗೆಯನ್ನು ಮೈಗೆ ಹತ್ತಗೊಡುವುದಿಲ್ಲ. ಅದಕ್ಕೆ ಥೈರಾಯ್ಡ್ ಗುಳಿಗೆ ಬೆಳಿಗ್ಗೆ, ಕ್ಯಾಲ್ಸಿಯಂ ಮಧ್ಯಾಹ್ನ ಊಟದ ಮೇಲೆ ಎಂದು ಎರಡು ಸಲ ಹೇಳಿದರು. ಹೊರಡುವಾಗ ನನ್ನನ್ನು ತಡೆದು, “ನನ್ನ ಇನ್ನೂ ಕೆಲವು ರೋಗಿಗಳಿದ್ದಾರೆ, ಟಿಎಸ್‌ಎಚ್ ಹೀಗೇ ಹೊಂದದವರು. ಅವರನ್ನೂ ನೋಡೋಣ” ಎಂದರು. ಕ್ಷಮೆ ಕೇಳುವ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ.

ಅಂದಿನಿಂದ ನನ್ನ ಲ್ಯಾಬಿನಲ್ಲಿ ಸೂಜಿ ಚುಚ್ಚುವ ಮೊದಲು ಕೂದಲಿಗೆ, ಉಗುರಿಗೆ, ಚರ್ಮಕ್ಕೆ ಏನಾದರೂ ನುಂಗುತ್ತೀರಾ ಎಂದು ಕೇಳುತ್ತೇವೆ. ಪರದೆಯ ಹಿಂದೆ, ಮೆಲ್ಲಗೆ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ. ಹೌದೆಂದವರಿಗೆ ಅದನ್ನು ಬಿಟ್ಟು ಕೆಲವು ದಿನ ಕಳೆದು ಬರಲು ಹೇಳುತ್ತೇವೆ. ಇಲ್ಲ ಎಂದು ಹೇಳಿದವರನ್ನೂ ನಾನು ಪೂರ್ತಿ ನಂಬುವುದಿಲ್ಲ. ಅಂಕಿ ಸರಳವಾಗಿ ಬಂದ ವರದಿಗೆ ಸಹಿ ಹಾಕುವಾಗಲೂ ಒಮ್ಮೆ ಎದ್ದು ಹೋಗಿ ಆ ಮನುಷ್ಯರ ಕೈ ಮುಟ್ಟಿ ಬರುವುದು ಅಭ್ಯಾಸವಾಗಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ತಪಾಸಣೆಗೆ ಒಬ್ಬಳೇ ಬಂದಳು. ಮುಖದ ಬಾವು ಇಳಿದಿತ್ತು, ದನಿ ತಿಳಿಯಾಗಿತ್ತು. ಎಡಗೈಯಲ್ಲಿ ಪೂರ್ತಿ ಬಲ ಬಂದಿರಲಿಲ್ಲ, ಆದರೂ ಕಾಂಡಿ ತುಂಬಲು ಹತ್ತಿದ್ದಳು. ಟಿಎಸ್‌ಎಚ್ ಇನ್ನೂ ಸ್ವಲ್ಪ ಮೇಲಿತ್ತು, ಇಳಿಯುತ್ತಿತ್ತು. ಎಲುಬಿನದ್ದು ಇಷ್ಟು ಬೇಗ ಗೊತ್ತಾಗುವುದಿಲ್ಲ, ಮುಂದಿನ ವರ್ಷ ಮತ್ತೆ ಸ್ಕ್ಯಾನ್ ಮಾಡಿ ನೋಡಬೇಕು ಎಂದೆ. ಅವಳು ತಲೆ ಅಲ್ಲಾಡಿಸಿದಳು. ಅವಳಿಗೆ ಕೇಳಬೇಕಾಗಿದ್ದು ಬೇರೆ ಇತ್ತು.

“ಬಾಯಾರ, ಥೈರಾಯ್ಡ್ ಸರಿ ಆದ್ರ ಕೂದಲ ಬರತಾವ ಅಂತ ಡಾಕ್ಟರ್ ಅಂದ್ರು. ಖರೇನ್ರಿ?”

ಅವಳಿಗೆ ಇನ್ನೊಂದು ಸುಳ್ಳು ಹೇಳುವುದು ನನಗೆ ಬೇಡವಾಗಿತ್ತು. “ಒಂದೀಟು ಬರತಾವ್ರಿ. ಎಲ್ಲಾ ಬರೂದಿಲ್ಲ” ಎಂದೆ.

“ಎಲ್ಲಾ ಯಾರಿಗೆ ಬೇಕಾಗ್ಯಾವ್ರಿ” ಎಂದು ಅವಳು ನಕ್ಕಳು. ಹೊರಗೆ ಹೋಗಿ, ಬಾಗಿಲ ಹತ್ತಿರದ ಕನ್ನಡಿಯ ಮುಂದೆ ನಿಂತು, ಕೂತಿದ್ದ ಮಂದಿಯ ಎದುರಿಗೇ ಸೆರಗು ಸರಿಸಿ ಬೈತಲೆ ನೋಡಿಕೊಂಡಳು.